ಮಣ್ಣಿಗೆ ಇಟ್ಟ ಮಾತು

ಊರಿನ ಹಿತ್ತಲುಗಳೆಲ್ಲ ಒಂದೊಂದಾಗಿ ಎದ್ದು ಮೈಮುರಿದಿದ್ದವು. ನಮ್ಮದೊಂದು ಮಾತ್ರ ಇನ್ನೂ ಗೊರಕೆ ಹೊಡೆಯುತ್ತಲೇ ಇತ್ತು. ಅದೂ ಎಂಥ ಗೊರಕೆ ಅಂತೀರಿ! ಬಚ್ಚಲ ಗೋಡೆಗೆ ಒರಗಿಸಿಟ್ಟ ಗುದ್ದಲಿ ಆ ಸದ್ದಿಗೆ ಗಡಗಡ ಅಲುಗಿ ದಬಕ್ಕನೆ ಬೀಳುತ್ತಿತ್ತು. ನಾನು ಎತ್ತಿ ನಿಲ್ಲಿಸುವುದು, ಅದು ಮತ್ತೆ ಬೀಳುವುದು. ಸಂಕ್ರಾಂತಿ ಮುಗಿದು ಚಳಿ ಹಿಂದೆ ಸರಿದಿತ್ತು. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಚುರುಕ್ ಅನ್ನತೊಡಗಿತ್ತು. ಶಿವರಾತ್ರಿಯೊಳಗೆ ಎಬ್ಬಿಸದಿದ್ದರೆ ಮಣ್ಣು ಮಗ್ಗುಲು ಬದಲಿಸಿ ಮಳೆಗಾಲದ ತನಕ ಮಲಗಿಬಿಡುತ್ತದೆ. ಆಮೇಲೆ ಬೇಸಿಗೆಯಿಡೀ ಬರೀ ಬೇಳೆ ಬೇಯಿಸಿಕೊಂಡು ತಿನ್ನಬೇಕು.

ನಮ್ಮೂರಿನ ಮಣ್ಣು ನೀರು ಹೊಯ್ದರೆ ಏಳುವುದಿಲ್ಲ, ಗುದ್ದಲಿ ಏಟಿಗೂ ಏಳುವುದಿಲ್ಲ. ಅದಕ್ಕೆ ಒಂದು ಗುಟ್ಟು ಹೇಳಬೇಕು. ಬೀಜ ಹಾಕುವ ಕೈಯವರೇ ಹೇಳಬೇಕು. ಗುಟ್ಟು ಸ್ವಂತ ಮನೆಯದ್ದಾಗಿರಬೇಕು, ಅದಕ್ಕೆ ಮುಂಚೆ ಯಾರಿಗೂ ಹೇಳಿರಬಾರದು. ಸಣ್ಣಪುಟ್ಟ ಗುಟ್ಟಿಗೆ ಕೊತ್ತಂಬರಿ, ಮೆಂತ್ಯದ ಮಡಿಯಷ್ಟು ಜಾಗ ಕಣ್ಣು ಬಿಡುತ್ತದೆ. ಬದನೆ, ಮೆಣಸಿನ ಸಸಿಗೆ ಸ್ವಲ್ಪ ಗಟ್ಟಿಯಾದದ್ದೇ ಬೇಕು. ಸೋರೆ, ಕುಂಬಳ, ಹೀರೆ ಇಂಥ ಬಳ್ಳಿ ಹಬ್ಬಬೇಕಾದರೆ ಹೇಳುವವರ ಗಂಟಲು ಕಟ್ಟುವಂಥ ಗುಟ್ಟು ಆಗಬೇಕು.

ಹೀಗಾಗಿ ಚಳಿಗಾಲದಲ್ಲಿ ನಮ್ಮೂರಿನವರು ಬಾಯಿ ಬಿಡುವುದಿಲ್ಲ. 'ಏನು ಸಮಾಚಾರ?' ಎಂದು ಕೇಳುವುದೇ ಮರ್ಯಾದೆಗೇಡು. ಪರೀಕ್ಷೆಯಲ್ಲಿ ಎಷ್ಟು ಬಂತೋ ಎಂದರೆ ಮಕ್ಕಳು 'ಮಣ್ಣಿಗೆ ಇಟ್ಟಿದೀನಿ' ಎಂದು ಓಡಿಹೋಗುತ್ತವೆ. ಡಾಕ್ಟರು ಎಲ್ಲಿ ನೋವು ಎಂದು ಕೇಳಿದರೆ, 'ಅದೊಂದು ಮಾತ್ರ ಕೇಳಬೇಡಿ ಡಾಕ್ಟ್ರೇ, ಬದನೆಕಾಯಿಗೆ ಇಟ್ಟಿದೀನಿ' ಅನ್ನುತ್ತಾರೆ. ಪಾಪ, ಆ ಮನುಷ್ಯ ತಲೆಯಿಂದ ಕಾಲಿನವರೆಗೆ ಒತ್ತಿಕೊಂಡು ಬಂದು, ಎಲ್ಲಿ ಕಿರುಚುತ್ತಾರೋ ಅಲ್ಲಿಗೆ ಮುಲಾಮು ಕೊಟ್ಟು ಕಳಿಸುತ್ತಾರೆ. ಕ್ಷೌರದಂಗಡಿಯವನು ಸಂಕ್ರಾಂತಿಗೆ ಬೀಗ ಹಾಕಿ ಹೆಂಡತಿಯ ಊರಿಗೆ ಹೋಗಿಬಿಡುತ್ತಾನೆ. ಮಾತಿಲ್ಲದೆ ಕೈಯೇ ಓಡುವುದಿಲ್ಲವಂತೆ.

ಇಂಥ ಊರಿಗೆ ಸೊಸೆಯಾಗಿ ಬಂದವಳು ನಾನು, ನೀಲಾಂಬಿಕೆ. ಊರಿಗೆಲ್ಲ ನೀಲಕ್ಕ. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಅದಕ್ಕೆ ನಾನೇನು ಮಾಡಲಿ? ಹಾಲಿನವಳು ಬಂದರೆ ಅವಳಿಗೆ ಹೇಳುತ್ತೇನೆ, ಅವಳು ಬರದಿದ್ದರೆ ಅವಳ ಎಮ್ಮೆಗೆ ಹೇಳುತ್ತೇನೆ. ನಮ್ಮ ಯಜಮಾನರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿಯಲ್ಲಿ ಯಂತ್ರದ ಸದ್ದಿಗೆ ಮಾತಾಡುವ ಹಾಗಿಲ್ಲ, ಮನೆಗೆ ಬಂದರೆ ನನ್ನ ಸದ್ದಿಗೆ ಮಾತಾಡುವ ಹಾಗಿಲ್ಲ. ಮದುವೆಯಾದಾಗಿನಿಂದ ಅವರು ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಸೇರು ತುಂಬುವುದಿಲ್ಲ.

ಇಷ್ಟು ವರ್ಷ ನಮ್ಮ ಹಿತ್ತಲನ್ನು ಎಬ್ಬಿಸುತ್ತಿದ್ದವರು ನಮ್ಮತ್ತೆ ಹಾಲಮ್ಮ. ಪುಣ್ಯಾತ್ಗಿತ್ತಿ, ಹೋದ ಮಳೆಗಾಲದಲ್ಲಿ ತೀರಿಕೊಂಡರು. ಬದುಕಿದ್ದಷ್ಟು ದಿನ ನನ್ನನ್ನು ಪಾತಿಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. "ನೀನು ಅಲ್ಲೇ ಕೂತ್ಕೊಂಡು ಮಾತಾಡು, ಇಲ್ಲಿ ಬಂದು ಕೈ ಇಡಬೇಡ," ಅನ್ನೋರು. ನಾನೂ ಬಚ್ಚಲ ಮೆಟ್ಟಿಲ ಮೇಲೆ ಕೂತು, ಅವರು ಕಳೆ ಕೀಳುವಷ್ಟು ಹೊತ್ತೂ ಊರ ಸುದ್ದಿಯೆಲ್ಲ ಹೇಳುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಅಡುಗೆಯ ವಿಷಯದಲ್ಲಂತೂ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಸೋರೆಕಾಯಿ ಸಾರು ಮಾಡಿ ಬಡಿಸಿದರೆ ತಟ್ಟೆಯೊಳಕ್ಕೆ ಬಗ್ಗಿ ನೋಡಿ, "ಇದನ್ನ ಅನ್ನಕ್ಕೆ ಹಾಕ್ಕೊಬೇಕೋ, ಇದರಲ್ಲಿ ಮುಖ ತೊಳ್ಕೊಬೇಕೋ?" ಎಂದು ಕೇಳೋರು. ಕೇಳಿ, ಎರಡು ಸಲ ಹಾಕಿಸಿಕೊಳ್ಳೋರು. ಮಾಘದಲ್ಲಿ ಒಂದು ಬೆಳಿಗ್ಗೆ ಒಬ್ಬರೇ ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, ನೆಲಕ್ಕೆ ಬಗ್ಗಿ ಏನೋ ಪಿಸುಗುಟ್ಟೋರು. ಮರುಕ್ಷಣವೇ ಗೊರಕೆ ನಿಂತು ಮಣ್ಣು ಆಕಳಿಸುತ್ತಿತ್ತು. ಪಾತಿಯಿಂದ ಪಾತಿಗೆ ಎರೆಹುಳ ಹೊರಳಾಡುತ್ತಿದ್ದವು. "ಏನು ಹೇಳಿದ್ರಿ ಅತ್ತೆ?" ಎಂದು ನಾನು ಕೇಳಿದರೆ, "ನಿನಗ್ಯಾಕೆ ಊರ ಉಸಾಬರಿ?" ಅನ್ನೋರು. ನಮ್ಮದೇ ಮನೆ ಗುಟ್ಟು, ನನಗೆ ಊರ ಉಸಾಬರಿಯಂತೆ!

ಈ ಸಲ ಆ ಕೆಲಸ ನನ್ನ ತಲೆಗೆ ಬಿತ್ತು. ಹೆದರಲಿಲ್ಲ. ಒಣಗಿದ ಬಳ್ಳಿಯನ್ನೆಲ್ಲ ಎಳೆದು ಹಾಕಿದೆ, ತಿಪ್ಪೆಗೊಬ್ಬರ ಹೊತ್ತು ತಂದೆ, ಒಲೆಯ ಬೂದಿ ಜರಡಿ ಹಿಡಿದೆ, ಚಪ್ಪರಕ್ಕೆ ಹೊಸ ಬೊಂಬು ಕಟ್ಟಿಸಿದೆ. ಆಮೇಲೆ ಜಂತೆಗೆ ನೇತುಹಾಕಿದ್ದ ಅತ್ತೆಯ ಸೋರೆ ಬುರುಡೆ ಇಳಿಸಿದೆ. ಅದರೊಳಗೆ ಬೂದಿಯಲ್ಲಿ ಬೆರೆಸಿಟ್ಟ ಅವರ ಬೀಜ ಇತ್ತು. ಆ ಸೋರೆ ಊರಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ. ಉದ್ದ ಕತ್ತು, ಬೆಣ್ಣೆಯಂಥ ತಿರುಳು. ಯಾರು ಎಷ್ಟು ಗೋಗರೆದರೂ ಅತ್ತೆ ಒಂದು ಬೀಜ ಆಚೆ ಬಿಟ್ಟವರಲ್ಲ. ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಬಳ್ಳಿ ಕೊಳೆತುಹೋಗಿ ಹೊಸ ಬೀಜ ಕಟ್ಟಲಿಲ್ಲ. ಬುರುಡೆಯಲ್ಲಿದ್ದದ್ದೆಲ್ಲ ಹಳೆಯದು. ನೀರಿಗೆ ಹಾಕಿ ನೋಡಿದೆ. ಬೊಗಸೆ ತುಂಬ ಬೀಜದಲ್ಲಿ ನಾಲ್ಕು ಮಾತ್ರ ಮುಳುಗಿದವು. ಉಳಿದದ್ದೆಲ್ಲ ಜೊಳ್ಳು, ತೇಲಿತು. ಆ ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟೆ. ನೀರು ಕುಡಿದ ಬೀಜ ಮತ್ತೆ ಬುರುಡೆಗೆ ಹೋಗುವುದಿಲ್ಲ. ಅವನ್ನು ಈ ವರ್ಷ ಹಾಕಬೇಕು, ಇಲ್ಲದಿದ್ದರೆ ಅತ್ತೆಯ ಸೋರೆಯ ವಂಶ ಅಲ್ಲಿಗೆ ಮುಗಿಯಿತು.

ಸರಿ, ಸೆರಗು ಸಿಕ್ಕಿಸಿಕೊಂಡು ಹಿತ್ತಲಲ್ಲಿ ನಿಂತೆ. ಬಗ್ಗಿ, ಅತ್ತೆಯ ಹಾಗೇ ಬಾಯಿಗೆ ಸೆರಗು ಹಿಡಿದು, "ನಮ್ಮ ಯಜಮಾನ್ರು ಮೀಸೆಗೆ ಬಣ್ಣ ಹಚ್ತಾರೆ," ಎಂದೆ.

ಗೊರಕೆ ಇನ್ನಷ್ಟು ಜೋರಾಯಿತು.

ಗೋಡೆಯ ಮೇಲೆ ಪಕ್ಕದ ಮನೆಯ ರುದ್ರಾಣಮ್ಮನ, ನಮ್ಮ ರುದ್ರಕ್ಕನ, ತಲೆ ಕಾಣಿಸಿತು. ಆಕೆಯ ಹಿತ್ತಲು ಎಲ್ಲರಿಗಿಂತ ಮುಂಚೆ ಎದ್ದು, ಬದನೆ ಸಸಿ ಆಗಲೇ ಮೊಣಕಾಲೆತ್ತರ ಬಂದಿತ್ತು. "ಅಯ್ಯೋ ನೀಲಕ್ಕ, ಅದು ನಮ್ಮ ಮೇಕೆಗೂ ಗೊತ್ತು ಕಣೇ," ಎಂದಳು. "ನೀನೇ ಅಲ್ವಾ ದೀಪಾವಳಿಲಿ ಹೇಳಿದ್ದು?"

ಹೌದಲ್ಲ, ಹೇಳಿದ್ದೆ. ಕೂತು ಯೋಚನೆ ಮಾಡಿದೆ. ನನ್ನ ಸೊಂಟನೋವು ಊರಿಗೆ ಗೊತ್ತು. ನನ್ನ ತಂಗಿಯ ಮಾವನ ಜಗಳ ಊರಿಗೆ ಗೊತ್ತು. ನನಗೆ ರಾತ್ರಿ ಬೀಳುವ ಕನಸೂ ಬೆಳಿಗ್ಗೆ ಹಾಲಿನವಳ ಕೈಯಲ್ಲಿ ಮನೆಮನೆಗೆ ಹೋಗಿರುತ್ತದೆ. ಮನೆಯ ಮೂಲೆ ಮೂಲೆ ಗುಡಿಸಿದರೂ ಒಂದೇ ಒಂದು ಗುಟ್ಟು ಸಿಗಲಿಲ್ಲ. ನನಗೆ ಅಳುವೇ ಬಂತು. ಬಡವರ ಮನೆಯಲ್ಲೂ ನಾಲ್ಕು ಗುಟ್ಟು ಇರುತ್ತವೆ, ನನ್ನ ಹತ್ತಿರ ಅದೂ ಇಲ್ಲ.

ಮಾರನೆಯ ದಿನ ಬುದ್ಧಿ ಓಡಿಸಿ ಒಂದು ಸುಳ್ಳು ಹೇಳಿದೆ. "ನಮ್ಮ ಅಟ್ಟದ ಮೇಲೆ ಒಂದು ಬೆಳ್ಳಿ ಕೊಡ ಇದೆ," ಎಂದೆ, ಗಂಟಲನ್ನೂ ಕಟ್ಟಿಸಿಕೊಂಡು. ಮಣ್ಣಿಗೆ ಸುಳ್ಳು ಹೇಳಿದರೆ ಅದಕ್ಕೆ ಬಿಕ್ಕಳಿಕೆ ಬರುತ್ತದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಶಿವಶಿವಾ! ಮೊದಲ ಬಿಕ್ಕಿಗೆ ಗೊಬ್ಬರದ ಬುಟ್ಟಿ ಹಾರಿತು. ಎರಡನೆಯದಕ್ಕೆ ನಾನೇ ಹಾರಿದೆ. ಮೂರನೆಯದಕ್ಕೆ ಹೊಸ ಬೊಂಬಿನ ಚಪ್ಪರ ಪೂರ್ತಿ ಮಲಗಿತು. ಬೀದಿಯವರೆಲ್ಲ ಓಡಿಬಂದರು. ಒಂದು ಡಬ್ಬ ಸಕ್ಕರೆ ಉದುರಿಸಿದ ಮೇಲೆ ಬಿಕ್ಕಳಿಕೆ ನಿಂತಿತು, ಮಣ್ಣು ಬಾಯಿ ಚಪ್ಪರಿಸಿ ಮತ್ತೆ ಗೊರಕೆ ಶುರು ಮಾಡಿತು. "ನೀಲಕ್ಕ ಮಣ್ಣಿಗೆ ಸುಳ್ಳು ಹೇಳಿದ್ಲಂತೆ," ಎಂದು ಊರೆಲ್ಲ ಆಯಿತು. ಬಾಯಿ ಮುಚ್ಚಿಕೊಂಡಿರಬೇಕಾದ ಕಾಲದಲ್ಲೂ ಈ ಸುದ್ದಿಗೆ ಮಾತ್ರ ಎಲ್ಲರ ಬಾಯಿ ತೆರೆಯಿತು ನೋಡಿ.

ಹಾಗಾದರೆ ಹೊಸ ಗುಟ್ಟೊಂದನ್ನು ಮಾಡಿಕೊಂಡರಾಯಿತು ಎಂದುಕೊಂಡೆ. ಯಜಮಾನರು ಗಿರಣಿಗೆ ಹೋದ ಮೇಲೆ ಬಾಗಿಲು ಹಾಕಿ, ಅವರ ಪ್ಯಾಂಟು ಹಾಕಿಕೊಂಡು, ತಲೆಗೆ ಅವರ ಟವೆಲು ಸುತ್ತಿ, ಕನ್ನಡಿಯ ಮುಂದೆ ನಿಂತು ಅವರ ಹಾಗೆ ಕೆಮ್ಮಿದೆ. ಅಡುಗೆಮನೆಗೆ ಹೋಗಿ "ಊಟಕ್ಕೇನಿದೆ?" ಎಂದು ದಪ್ಪ ದನಿಯಲ್ಲಿ ಕೇಳಿದೆ. ನನಗೆ ಎಷ್ಟು ನಗು ಬಂತೆಂದರೆ ಅಕ್ಕಿ ಡಬ್ಬದ ಮೇಲೆ ಕುಸಿದು ಕೂತೆ. ಸೋರೆಗೆ ಸಾಲದಿದ್ದರೂ ಮೆಣಸಿನ ಸಸಿಗಾದರೂ ಸಾಕಾಗುವಂಥ ಗುಟ್ಟು. ಸೀರೆ ಉಟ್ಟುಕೊಂಡು, ಬಾಯಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ. ಗೋಡೆಯ ಮೇಲೆ ರುದ್ರಕ್ಕನ ತಲೆ.

"ಏನೇ ನೀಲಕ್ಕ, ಮುಖ ಯಾಕೆ ಹಾಗೆ ಕೆಂಪಗಾಗಿದೆ?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ."

"ಹೇಳಬಾರದು ರುದ್ರಕ್ಕ, ದಮ್ಮಯ್ಯ, ಕೇಳಬೇಡ."

"ಸರಿ ಬಿಡು, ಕೇಳಲ್ಲ," ಎಂದಳು ಆಕೆ.

ಅದೇ ನೋಡಿ ನನ್ನನ್ನು ಕೆಡಿಸಿದ್ದು. ಇನ್ನೊಮ್ಮೆ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕೇಳಲ್ಲ ಎಂದ ತಕ್ಷಣ ಪ್ಯಾಂಟು, ಟವೆಲು, ಕೆಮ್ಮು ಎಲ್ಲ ಗೋಡೆ ಹಾರಿ ಆಚೆ ಬಿತ್ತು. ರುದ್ರಕ್ಕ ನಕ್ಕೂ ನಕ್ಕೂ ಬದನೆ ಪಾತಿಯಲ್ಲಿ ಕೂತುಬಿಟ್ಟಳು. ನಾನು ತಿರುಗಿ ನೋಡಿದರೆ ನಮ್ಮ ಹಿತ್ತಲು ಹಾಯಾಗಿ ಮಲಗಿತ್ತು.

ಶಿವರಾತ್ರಿಯ ಹಿಂದಿನ ದಿನ ಬಟ್ಟೆ ಬಿಚ್ಚಿ ನೋಡಿದೆ. ನಾಲ್ಕು ಬೀಜವೂ ಬಾಯಿ ಬಿಟ್ಟು, ಬೆಳ್ಳಗೆ ಮೊಳಕೆಯ ಮೂತಿ ಹೊರಗೆ ಹಾಕಿದ್ದವು. ಇವತ್ತೋ ನಾಳೆಯೋ ಮಣ್ಣು ಸಿಗದಿದ್ದರೆ ಇವು ಸತ್ತಂತೆಯೇ. ಗುದ್ದಲಿ ತೆಗೆದುಕೊಂಡು ಹೋಗಿ ಕೈಲಾದಷ್ಟು ಹೊಡೆದೆ. ಕಲ್ಲಿಗೆ ಹೊಡೆದ ಹಾಗೆ ಟಣ್ ಟಣ್ ಎಂದು ಕೈಯೇ ಜುಮುಗುಟ್ಟಿತು. ಮಣ್ಣು ಮಾತ್ರ, ಯಾರೋ ಬೆನ್ನು ಒತ್ತುತ್ತಿದ್ದಾರೆ ಎಂಬಂತೆ 'ಹ್ಞೂಂ' ಎಂದು ಸುಮ್ಮನಾಯಿತು.

ರುದ್ರಕ್ಕ ಗೋಡೆಯ ಹತ್ತಿರ ಬಂದಳು. ಈ ಸಲ ನಗಲಿಲ್ಲ. "ನೀಲಕ್ಕ, ಆ ಬೀಜ ನನಗೆ ಕೊಡು. ನಮ್ಮ ಪಾತಿಯಲ್ಲಿ ಹಾಕ್ತೀನಿ. ಕಾಯಿ ಬಿಟ್ರೆ ಅರ್ಧ ನಿನಗೇ. ಹಾಳು ಮಾಡೋದ್ಯಾಕೆ?" ಎಂದಳು.

ಮಾತು ನ್ಯಾಯವಾಗಿಯೇ ಇತ್ತು. ಆದರೆ ಅತ್ತೆ ಜೀವಮಾನವಿಡೀ ಗೋಡೆ ದಾಟಲು ಬಿಡದ ಬೀಜ, ಅವರು ಹೋದ ಮೊದಲ ವರ್ಷವೇ ನನ್ನ ಬಾಯಿಯ ದೆಸೆಯಿಂದ ಗೋಡೆ ದಾಟುತ್ತದೆ. ಮೇಲೆ ಕೂತು ಏನನ್ನುತ್ತಾರೋ! ಅನ್ನಲಿ, ಬೀಜ ಬದುಕಿದರೆ ಸಾಕು ಎಂದು ಒಳಗೆ ಹೋಗಿ ಒದ್ದೆ ಬಟ್ಟೆಯ ಗಂಟು ತಂದೆ. ರುದ್ರಕ್ಕ ಗೋಡೆಯಾಚೆಯಿಂದ ಕೈ ಚಾಚಿದಳು.

"ಕೊಡಬೇಡ," ಎಂದರು ಯಾರೋ.

ತಿರುಗಿ ನೋಡಿದೆ. ಬಚ್ಚಲ ಬಾಗಿಲಲ್ಲಿ ನಮ್ಮ ಯಜಮಾನರು ನಿಂತಿದ್ದರು. ಹಂಡೆಗೆ ಉರಿ ಹಾಕುತ್ತಿದ್ದವರು, ಕೈಯಲ್ಲಿ ಸೌದೆ ಹಿಡಿದೇ ಇದ್ದರು. ಮಾತಾಡಿದ್ದು ಅವರೇ ಎಂದು ನಂಬುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ರಟ್ಟೆ ಹಿಡಿದು ಪಾತಿಯ ಈ ತುದಿಗೆ, ರುದ್ರಕ್ಕನಿಗೆ ಕೇಳಿಸದಷ್ಟು ದೂರ ಕರೆದುಕೊಂಡು ಬಂದರು.

"ಅವ್ವ ಪ್ರತಿ ವರ್ಷ ಇಲ್ಲಿ ಏನು ಹೇಳೋರು ಅಂತ ನನಗೆ ಗೊತ್ತು," ಎಂದರು. "ಹಂಡೆ ಒಲೆ ಮುಂದೆ ಕೂತಿರ್ತಿದ್ನಲ್ಲ, ಕೇಳಿಸೋದು. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು. ಈಗ ಅವ್ವನೇ ಇಲ್ಲ."

"ಏನು ಹೇಳೋರು? ಬೇಗ ಹೇಳಿ ಮಾರಾಯ್ರೆ, ಬೀಜ ಒಣಗ್ತಿದೆ!"

"ಎಲ್ಲಾ ನಿನ್ನ ವಿಷಯಾನೇ." ಅವರು ಸೌದೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಮೊದಲನೇ ವರ್ಷ ಹೇಳಿದ್ರು, 'ನೀಲಿ ಮಾಡೋ ಸೋರೆಕಾಯಿ ಸಾರು ನನ್ನ ಸಾರಿಗಿಂತ ಒಂದು ಕೈ ಮೇಲು. ಅವಳಿಗೆ ಗೊತ್ತಾಗಬಾರದು, ಗೊತ್ತಾದ್ರೆ ಊರಿಗೆಲ್ಲ ಡಂಗುರ ಹೊಡೀತಾಳೆ' ಅಂತ. ಇನ್ನೊಂದು ವರ್ಷ, ನೀನು ತಂಗಿ ಮದುವೆಗೆಂದು ತವರಿಗೆ ಹೋಗಿ ಬಂದ ಮೇಲೆ, 'ಅವಳಿಲ್ಲದೆ ಮನೆ ಬಣಬಣ ಅಂತಿತ್ತು. ಅವಳ ವಟವಟ ಕಿವಿಗೆ ಬೀಳದೆ ನನಗೆ ನಿದ್ದೆನೇ ಬರಲಿಲ್ಲ' ಅಂದ್ರು. ಹೋದ ವರ್ಷ ಕೋಲು ಊರ್ಕೊಂಡು ಬಂದು, 'ಈ ಬೀಜ ಅವಳಿಗೇ. ಕೇಳೋ ಧೈರ್ಯ ಅವಳಿಗೆ ಬರಲಿಲ್ಲ, ಕೊಡೋ ಬಾಯಿ ನನಗೆ ಬರಲಿಲ್ಲ' ಅಂದ್ರು."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರಲ್ಲ, ತಾಯಿ ಮಗ ಇಬ್ಬರೂ! ಆಮೇಲೆ ತಟ್ಟನೆ ಹೊಳೆಯಿತು. "ಅಯ್ಯೋ, ಇದೇ ಗುಟ್ಟು! ಇದನ್ನೇ ಹೇಳ್ತೀನಿ ಮಣ್ಣಿಗೆ," ಎಂದು ಬಗ್ಗಿದೆ.

"ಹೇಗೆ ಹೇಳ್ತೀಯ?" ಎಂದರು ಅವರು. "ಅವ್ವ ಹೇಳಿದ್ದು ಮಣ್ಣಿಗೇ ಅಲ್ವಾ. ಅದಕ್ಕೆ ನಿನಗಿಂತ ಮೊದಲೇ ಗೊತ್ತು."

ಹೌದಲ್ಲ. ಈ ಮಣ್ಣಿಗೆ ಎಲ್ಲ ಗೊತ್ತಿತ್ತು. ಬದುಕಿದ್ದಾಗ ನನಗೆ ಹೇಳಬೇಕಾದ ಮಾತನ್ನೆಲ್ಲ ಆ ಮುದುಕಿ ಇಲ್ಲಿ ಬಗ್ಗಿ ಬಗ್ಗಿ ಸುರಿದು ಹೋಗಿದ್ದಳು. ನಾನು ಆ ಮೆಟ್ಟಿಲ ಮೇಲೆ ಕೂತು ಊರವರ ಸುದ್ದಿ ಹೇಳುತ್ತಿದ್ದೆ. ನಾನು ಮಾತಾಡಲೆಂದೇ ಆಕೆ ನನ್ನನ್ನು ಅಲ್ಲಿ ಕೂರಿಸುತ್ತಿದ್ದಳು. ಅಲ್ಲೇ ಪಾತಿಯ ಅಂಚಿಗೆ ಕೂತೆ. ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ. ಮತ್ತೆ ತೆರೆದೆ. ಗಂಟಲು ಬಿಗಿದು, ಕಣ್ಣು ಮಾತ್ರ ಸುರಿಯುತ್ತಿತ್ತು.

ಗೋಡೆಯಾಚೆಯಿಂದ ರುದ್ರಕ್ಕ ಕರೆದಳು. "ನೀಲಕ್ಕ, ಏನಂತೆ? ಏನು ಹೇಳಿದ್ರು?" ನಾನು ಸುಮ್ಮನಿದ್ದೆ. "ನೀಲಕ್ಕ?" ನಾನು ಸುಮ್ಮನೇ ಇದ್ದೆ. ಆಕೆ ಬೀದಿಯ ಕಡೆ ತಿರುಗಿ ಕೂಗಿದಳು. "ಅಯ್ಯಯ್ಯೋ, ನೀಲಕ್ಕ ಮಾತಾಡ್ತಿಲ್ಲ! ಯಾರಾದ್ರೂ ಬರ್ರೋ! ಡಾಕ್ಟ್ರನ್ನ ಕರೀರೋ, ನೀಲಕ್ಕ ಮಾತಾಡ್ತಿಲ್ಲ!" ಬೀದಿಯವರು ಮತ್ತೆ ಓಡಿಬಂದರು. ಡಾಕ್ಟರು ಬಂದು ನನ್ನ ಭುಜ ಒತ್ತಿ, ಬೆನ್ನು ಒತ್ತಿ, ಎಲ್ಲಿ ಒತ್ತಿದರೂ ನಾನು ಕಿರುಚದೇ ಇದ್ದದ್ದನ್ನು ನೋಡಿ ಗಾಬರಿಯಾಗಿ ತಾವೇ ನೀರು ಕುಡಿದರು. ಯಾರಿಗೂ ಏನು ಮಾಡಬೇಕೆಂದು ತಿಳಿಯದೆ ಎಲ್ಲರೂ ಬಾಯಿ ಮುಚ್ಚಿ ನಿಂತರು.

ಆಗ ಗೊರಕೆ ತಡವರಿಸಿತು. ಒಂದು ಸಲ ಎಳೆಯಿತು, ಅರ್ಧಕ್ಕೆ ನಿಂತಿತು. ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಬಸ್ಸು ನಿಂತ ಕೂಡಲೇ ಎಚ್ಚರವಾಗಿ 'ಯಾವ ಊರು?' ಎಂದು ನೋಡುವುದಿಲ್ಲವೇ, ಹಾಗೆ ನಮ್ಮ ಹಿತ್ತಲು ಗಡಬಡಿಸಿ ಎದ್ದಿತು. ನಾನು ಈ ಮನೆಗೆ ಕಾಲಿಟ್ಟಾಗಿನಿಂದ ನನ್ನ ಮಾತಿನ ಜೋಗುಳ ಕೇಳಿಕೊಂಡೇ ಮಲಗಿದ್ದ ಮಣ್ಣದು. ನಾನು ಎದುರಿಗೆ ಕೂತಿದ್ದೂ ಆ ಸದ್ದು ನಿಂತದ್ದನ್ನು ಅದು ಯಾವತ್ತೂ ಕೇಳಿರಲಿಲ್ಲ. ಮೊದಲು ನಾನು ಕೂತ ಜಾಗ ಮೆತ್ತಗಾಯಿತು. ಆಮೇಲೆ ಬದುವಿನಿಂದ ಬದುವಿಗೆ ಬಿರುಕು ಓಡಿ, ಊರಿಗೇ ಕೇಳುವ ಹಾಗೆ ಒಂದು ಆಕಳಿಕೆ ಬಂತು. ಡಾಕ್ಟರ ಚಪ್ಪಲಿ ಒಂದು ಒಳಗೆ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಎರೆಹುಳ ಎದ್ದು ಬಂದು ನನ್ನ ಸೀರೆಯ ಅಂಚನ್ನು ಮೂಸಿದವು. ಒದ್ದೆ ಮಣ್ಣಿನ ವಾಸನೆ ಘಮ್ಮೆಂದಿತು.

ನಾನು ಎದ್ದು, ಬಟ್ಟೆ ಬಿಚ್ಚಿ, ನಾಲ್ಕು ಗುಳಿಯಲ್ಲಿ ನಾಲ್ಕು ಬೀಜ ಇಟ್ಟೆ. ಬೂದಿ ಬೆರೆಸಿದ ಗೊಬ್ಬರ ಮುಚ್ಚಿದೆ. ಯಜಮಾನರು ಚೊಂಬಿನಲ್ಲಿ ನೀರು ತಂದುಕೊಟ್ಟರು. ರುದ್ರಕ್ಕ ಗೋಡೆಯ ಮೇಲೆ ಗದ್ದ ಊರಿ ನಿಟ್ಟುಸಿರು ಬಿಟ್ಟು, "ಏನು ಹೇಳಿದೆ ಮಾರಾಯ್ತಿ ಅದಕ್ಕೆ?" ಎಂದಳು.

"ಏನೂ ಹೇಳಲಿಲ್ಲ," ಎಂದೆ. ನಾನು ಆಡಿದ ಮಾತನ್ನೆಲ್ಲ ನಂಬಿದ ಊರು ಇದೊಂದು ನಿಜವನ್ನು ಇವತ್ತಿಗೂ ನಂಬಿಲ್ಲ.

ನಾಲ್ಕರಲ್ಲಿ ಮೂರು ಬಂದವು. ಯುಗಾದಿಯ ಹೊತ್ತಿಗೆ ಕುಡಿ ಚಪ್ಪರ ಹಿಡಿಯಿತು. ಬಿಸಿಲು ನೆತ್ತಿ ಸುಡುವ ಕಾಲಕ್ಕೆ ಉದ್ದ ಕತ್ತಿನ ಕಾಯಿ ತೂಗಾಡಿದವು. ಎಲ್ಲಕ್ಕಿಂತ ದಪ್ಪನೆಯದನ್ನು ಬೀಜಕ್ಕೆ ಬಿಟ್ಟೆ, ಮೊದಲ ಎಳೆಯದನ್ನು ಕಿತ್ತು ಸಾರು ಮಾಡಿದೆ. ನನ್ನ ಸಾರಲ್ಲ. ಅತ್ತೆ ಹೇಗೆ ಮಾಡುತ್ತಿದ್ದರೋ ಹಾಗೇ, ಕೊಬ್ಬರಿ ಕಡಿಮೆ, ಹುಣಸೆ ಮುಂದು, ಕೊನೆಗೆ ಹಸಿ ಕರಿಬೇವಿನ ಒಗ್ಗರಣೆ. ಇಷ್ಟು ವರ್ಷ ಅದನ್ನು ಹಳ್ಳಿ ಸಾರು ಎಂದು ಆಡಿಕೊಂಡವಳು ನಾನು. ಬಡಿಸುವ ಮುಂಚೆ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದೆ. ನೆಕ್ಕಿ, ಇನ್ನೊಂದು ಹನಿ ಹಾಕಿಕೊಂಡೆ.

ಯಜಮಾನರು ಎರಡನೇ ಸಲ ಹಾಕಿಸಿಕೊಂಡರು. ತಟ್ಟೆ ನೋಡುತ್ತಲೇ ಕೇಳಿದರು, "ಅವ್ವ ನಿನ್ನ ಸಾರೇ ಮೇಲು ಅಂದ್ರಲ್ಲ. ಈಗ ಎರಡೂ ನಿನ್ನ ಕೈಯಲ್ಲೇ ಆಯ್ತು. ನೀನೇ ಹೇಳು, ಯಾವುದು ಮೇಲು? ನಿಂದೋ, ಅವ್ವಂದೋ?"

ಕಿಟಕಿಯಾಚೆ, ಗೋಡೆಯ ಮೇಲೆ, ರುದ್ರಕ್ಕ ಕಿವಿ ನಿಮಿರಿಸಿದ್ದು ಕಾಣಿಸಿತು. ಉತ್ತರ ನಾಲಗೆಯ ತುದಿಗೇ ಬಂದು ಕೂತಿತ್ತು, ತಳ್ಳಿದರೆ ಆಚೆಗೆ. ಸೌಟು ಗಟ್ಟಿಯಾಗಿ ಹಿಡಿದುಕೊಂಡೆ. ಚಳಿಗಾಲ ಇನ್ನೂ ಎಲ್ಲೋ ದೂರದಲ್ಲಿತ್ತು.

"ಮಣ್ಣಿಗೆ ಇಟ್ಟಿದೀನಿ," ಎಂದೆ.